ಕ್ಷಾರದ ಪಟ್ಟಿಯೂ ನಮ್ಮ ತಟ್ಟೆಯೂ



ಈ ದತ್ತಿಯನ್ನಿಟ್ಟವರು ಉಪನ್ಯಾಸಕರಿಗೆ ಹಾಕಿರುವ ಷರತ್ತು ಎರಡೇ. ಮಾತು ಕನ್ನಡದಲ್ಲಿರಬೇಕು, ಮನೆಯಲ್ಲಿ ಅಡುಗೆ ಮಾಡುವವರಿಗೆ ಅದರಿಂದ ಉಪಯೋಗವಾಗಬೇಕು. ಎರಡನೆಯ ಷರತ್ತನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಸಲದ ವಿಷಯವನ್ನು ಆರಿಸಿಕೊಂಡಿದ್ದೇನೆ. ಕ್ಷಾರೀಯ ಆಹಾರ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಎರಡು ಸಾಲುಗಳ ಒಂದು ಪಟ್ಟಿ ಮನೆಯಿಂದ ಮನೆಗೆ, ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಒಂದು ಸಾಲಿನಲ್ಲಿ ಸೌತೆಕಾಯಿ, ನಿಂಬೆ, ಸೊಪ್ಪು, ಬಾಳೆಹಣ್ಣು, ಎಳನೀರು. ಇವು ಕ್ಷಾರೀಯ, ತಿನ್ನಬೇಕಾದವು. ಇನ್ನೊಂದರಲ್ಲಿ ಅಕ್ಕಿ, ಗೋಧಿ, ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸ. ಇವು ಆಮ್ಲೀಯ, ಬಿಡಬೇಕಾದವು. ರಕ್ತ ಆಮ್ಲೀಯವಾದರೆ ಮೂಳೆ ಸವೆಯುತ್ತದೆ, ಕೀಲು ನೋಯುತ್ತದೆ, ಕ್ಯಾನ್ಸರ್ ಬರುತ್ತದೆ, ಆದ್ದರಿಂದ ರಕ್ತವನ್ನು ಕ್ಷಾರೀಯಗೊಳಿಸುವ ಆಹಾರವನ್ನೇ ತಿನ್ನಿ ಎಂಬುದು ಪಟ್ಟಿಯ ಕೆಳಗಿನ ಒಕ್ಕಣೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಾಲಿನ ಪದಾರ್ಥಗಳನ್ನು ಹೆಚ್ಚು ತಿನ್ನಿ ಎನ್ನುವುದು, ಆರೋಗ್ಯವಂತರ ಮಟ್ಟಿಗೆ, ಒಳ್ಳೆಯ ಸಲಹೆ. ಅದಕ್ಕೆ ಕೊಡುವ ಕಾರಣ ಸುಳ್ಳು. ಸಲಹೆ ಒಳ್ಳೆಯದಾದ ಮೇಲೆ ಕಾರಣ ಏನಿದ್ದರೇನು ಎಂದು ಸುಮ್ಮನಿರುವುದು ನನ್ನಿಂದ ಸಾಧ್ಯವಿಲ್ಲ. ಆ ಸುಳ್ಳು ಕಾರಣವನ್ನು ನಂಬಿಕೊಂಡು ಜನ ಬೇಳೆ ಬಿಡುತ್ತಾರೆ, ಹಾಲು ಬಿಡುತ್ತಾರೆ, ಕಡೆಗೆ ಔಷಧಿಯನ್ನೂ ಬಿಡುತ್ತಾರೆ.

ಆಮ್ಲ ಎಷ್ಟು, ಕ್ಷಾರ ಎಷ್ಟು ಎಂದು ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದವರು ಸೋರೆನ್ಸನ್. ಕೋಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆ ಕಟ್ಟಿಸಿದ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಈ ಮಾನದಲ್ಲಿ 7 ತಟಸ್ಥ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಅಂಕೆ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದ ಹಾಗೆ. ಆರೋಗ್ಯವಂತರ ಅಪಧಮನಿಯ ರಕ್ತ 7.35ರಿಂದ 7.45ರ ನಡುವೆ ಇರುತ್ತದೆ. ಅಂದರೆ ನಮ್ಮ ರಕ್ತ ಮೊದಲಿನಿಂದಲೂ ತುಸು ಕ್ಷಾರೀಯವೇ. ಹೊಟ್ಟೆಯೊಳಗಿನ ಜಠರರಸವಾದರೋ ಸಾಮಾನ್ಯವಾಗಿ 1.5ರಿಂದ 3.5ರಷ್ಟು ತೀಕ್ಷ್ಣ ಆಮ್ಲ. ನೀವು ಕುಡಿದದ್ದು ಸೌತೆಕಾಯಿ ರಸವಾಗಲಿ, ಪಿಎಚ್ 9 ಎಂದು ಬರೆದ ಬಾಟಲಿಯ ನೀರಾಗಲಿ, ಅದು ಮೊದಲು ಆ ಆಮ್ಲದಲ್ಲಿ ಬೆರೆಯಬೇಕು. ಅಲ್ಲಿಂದ ಕೆಳಗಿಳಿದಾಗ ಮೇದೋಜೀರಕ ಗ್ರಂಥಿ ಬೈಕಾರ್ಬನೇಟ್ ಸುರಿಸಿ ಆಮ್ಲವನ್ನು ತಣಿಸುತ್ತದೆ. ಊಟದ ಪಿಎಚ್ ಊಟದ ಜೊತೆಗೇ ರಕ್ತಕ್ಕೆ ಹೋಗುವುದಿಲ್ಲ.

ರಕ್ತವನ್ನು ಅಷ್ಟು ಕಿರಿದಾದ ಎಲ್ಲೆಯೊಳಗೆ ಹಿಡಿದಿಡುವ ಕಾವಲು ಮೂರು. ರಕ್ತದಲ್ಲೇ ಇರುವ ಬೈಕಾರ್ಬನೇಟ್ ಮತ್ತು ಪ್ರೋಟೀನುಗಳು ಆ ಕ್ಷಣದಲ್ಲೇ ಆಮ್ಲವನ್ನು ಹೀರಿಕೊಳ್ಳುತ್ತವೆ. ಶ್ವಾಸಕೋಶ ನಿಮಿಷಗಳೊಳಗೆ ಉಸಿರನ್ನು ಏರಿಸಿ ಇಳಿಸಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಮೂತ್ರಪಿಂಡಗಳು ಗಂಟೆಗಳಲ್ಲಿ, ದಿನಗಳಲ್ಲಿ ನಿಧಾನವಾಗಿ ಉಳಿದ ಆಮ್ಲವನ್ನು ಮೂತ್ರದ ಮೂಲಕ ಕಳಿಸುತ್ತವೆ. ಇಷ್ಟಿದ್ದೂ ರಕ್ತ 7.35ಕ್ಕಿಂತ ಕೆಳಗಿಳಿಯಿತು ಎಂದರೆ ಅದು ಆಸ್ಪತ್ರೆಗೆ ಓಡಬೇಕಾದ ರೋಗ. ಮಧುಮೇಹದವರಲ್ಲಿ ಇನ್ಸುಲಿನ್ ಸಾಲದೆ ಕೀಟೋನುಗಳು ಸೇರಿ ರಕ್ತ ಆಮ್ಲೀಯವಾದಾಗ ಜೀವ ಉಳಿಸುವುದು ಇನ್ಸುಲಿನ್ ಮತ್ತು ನರಕ್ಕೆ ಕೊಡುವ ದ್ರವ. ಅಂಥ ರೋಗಿಗೆ ನಿಂಬೆನೀರು ಕುಡಿಸುತ್ತಾ ಮನೆಯಲ್ಲಿ ಕಳೆದ ಒಂದೊಂದು ಗಂಟೆಯೂ ಅಪಾಯದ್ದು.

ಹಾಗಾದರೆ ಆಹಾರಕ್ಕೂ ಆಮ್ಲಕ್ಷಾರಕ್ಕೂ ಸಂಬಂಧವೇ ಇಲ್ಲವೆ? ಇದೆ. ಅದು ರಕ್ತದಲ್ಲಿ ಕಾಣುವುದಿಲ್ಲ, ಮೂತ್ರದಲ್ಲಿ ಕಾಣುತ್ತದೆ. ಈ ಸಂಬಂಧ ಪತ್ತೆಯಾದ ಕಥೆ ಶರೀರವಿಜ್ಞಾನದ ಬಹು ಸುಂದರವಾದ ಅಧ್ಯಾಯಗಳಲ್ಲಿ ಒಂದು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್. ಶರೀರವಿಜ್ಞಾನಿ ಕ್ಲೋದ್ ಬೆರ್ನಾರ್ ಅವರ ಪ್ರಯೋಗಾಲಯಕ್ಕೆ ಒಂದು ದಿನ ಮಾರುಕಟ್ಟೆಯಿಂದ ಮೊಲಗಳನ್ನು ತಂದರು. ಮೇಜಿನ ಮೇಲೆ ಅವು ಮೂತ್ರ ಮಾಡಿದವು. ಬೆರ್ನಾರ್ ನೋಡಿದರು: ಮೂತ್ರ ತಿಳಿಯಾಗಿದೆ, ಪರೀಕ್ಷಿಸಿದರೆ ಆಮ್ಲ. ಮೊಲ ಸಸ್ಯಾಹಾರಿ, ಅದರ ಮೂತ್ರ ಕದಡಿದಂತಿದ್ದು ಕ್ಷಾರೀಯವಾಗಿರಬೇಕಿತ್ತು. ತಿಳಿಯಾದ ಆಮ್ಲೀಯ ಮೂತ್ರ ಮಾಂಸಾಹಾರಿ ಪ್ರಾಣಿಗಳದು. ಬೇರೆಯವರಾಗಿದ್ದರೆ ಮೇಜು ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರೇನೋ. ಅವರು ಯೋಚಿಸಿದರು: ಈ ಮೊಲಗಳಿಗೆ ಬಹಳ ಹೊತ್ತಿನಿಂದ ಮೇವು ಸಿಕ್ಕಿಲ್ಲ, ಹಸಿದ ಪ್ರಾಣಿ ತನ್ನ ಮೈಯ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತಿದೆ, ಆ ಹೊತ್ತಿಗೆ ಅದೂ ಮಾಂಸಾಹಾರಿಯೇ. ಹುಲ್ಲು ಹಾಕಿಸಿದರು, ಕೆಲವು ಗಂಟೆಗಳಲ್ಲಿ ಮೂತ್ರ ಕ್ಷಾರೀಯವಾಯಿತು. ಮತ್ತೆ ಉಪವಾಸ ಕೆಡವಿದರು, ಆಮ್ಲೀಯವಾಯಿತು. ಕುದುರೆಯ ಮೇಲೂ ಇದನ್ನೇ ನೋಡಿದರು. ಕೊನೆಗೆ ಮೊಲಗಳಿಗೆ ಬೇಯಿಸಿ ಆರಿಸಿದ ಗೋಮಾಂಸ ತಿನ್ನಿಸಿದರು. ಮೂತ್ರ ಆಮ್ಲೀಯವಾಗಿಯೇ ಉಳಿಯಿತು. ಪ್ರಯೋಗ ವೈದ್ಯಶಾಸ್ತ್ರದ ಬಗ್ಗೆ 1865ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಇದೆಲ್ಲ ದಾಖಲಾಗಿದೆ.

ಕಾರಣ ಈಗ ಸ್ಪಷ್ಟವಾಗಿದೆ. ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳಿವೆ. ಅವು ಮೈಯಲ್ಲಿ ಒಡೆದಾಗ ಗಂಧಕಾಮ್ಲ ಉಳಿಯುತ್ತದೆ. ಸೊಪ್ಪು, ತರಕಾರಿ, ಹಣ್ಣುಗಳಲ್ಲಿ ಪೊಟ್ಯಾಸಿಯಂ ಲವಣವು ಸಿಟ್ರಿಕ್, ಮ್ಯಾಲಿಕ್ ಮೊದಲಾದ ಸಾವಯವ ಆಮ್ಲಗಳ ಜೊತೆ ಕೂಡಿಕೊಂಡಿರುತ್ತದೆ. ಸಾವಯವ ಭಾಗ ಮೈಯಲ್ಲಿ ಉರಿದು ಹೋಗುತ್ತದೆ, ಹಿಂದೆ ಬೈಕಾರ್ಬನೇಟ್ ಎಂಬ ಕ್ಷಾರ ಉಳಿಯುತ್ತದೆ. ಕಟ್ಟಿಗೆ ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದ ನಮ್ಮ ಹಿರಿಯರಿಗೆ ಗಿಡದ ಬೂದಿಯ ಕ್ಷಾರಗುಣ ಕೈಯಲ್ಲೇ ಗೊತ್ತಿತ್ತು; ಅದೂ ಪೊಟ್ಯಾಸಿಯಂ ಕಾರ್ಬನೇಟೇ. ನಿಂಬೆಹಣ್ಣು ನಾಲಿಗೆಗೆ ಹುಳಿಯಾಗಿದ್ದೂ ಕ್ಷಾರದ ಸಾಲಿಗೆ ಸೇರಿರುವುದು ಹೀಗೆ. ಕೊಲಂಬಿಯಾ ವಿಶ್ವವಿದ್ಯಾಲಯದ ಶರ್ಮನ್, ಗೆಟ್ಲರ್ ಜೊತೆ ಸೇರಿ, 1912ರಲ್ಲಿ ಆಹಾರಗಳಲ್ಲಿ ಆಮ್ಲ ಉಳಿಸುವ ಖನಿಜವೆಷ್ಟು, ಕ್ಷಾರ ಉಳಿಸುವ ಖನಿಜವೆಷ್ಟು ಎಂದು ತೂಗಿ ನೋಡಿದರು. ಆಮೇಲಿನ ಪಟ್ಟಿಗಳ ಮೂಲ ಅಲ್ಲಿದೆ. ಅದು ಪ್ರಾಮಾಣಿಕವಾದ ರಸಾಯನಶಾಸ್ತ್ರ. ಅದರ ಮೇಲೆ ಆರೋಗ್ಯದ ಭರವಸೆಗಳನ್ನು ಹೇರಿದವರು ನಂತರ ಬಂದವರು.

ಮೂತ್ರದಲ್ಲಿ ಅದ್ದಿ ನೋಡುವ ಬಣ್ಣದ ಪಟ್ಟಿಗಳನ್ನು ಈಗ ಮಾರುತ್ತಾರೆ. ಒಂದು ವಾರ ಸೊಪ್ಪು ತಿಂದರೆ ಬಣ್ಣ ಬದಲಾಗುತ್ತದೆ, ನಿಜ. ತಿಂದವರಿಗೆ ತಮ್ಮ ದೇಹವೇ ಕ್ಷಾರೀಯವಾಯಿತು ಎಂಬ ನಂಬಿಕೆ ಬಲಿಯುತ್ತದೆ. ಮೂತ್ರಪಿಂಡವು ಬೇಡದ್ದನ್ನು ಹೊರಗೆ ಕಳಿಸುತ್ತಿದೆ, ರಕ್ತವನ್ನು ಇದ್ದಲ್ಲೇ ಇಟ್ಟಿದೆ ಎಂಬುದಷ್ಟೇ ಆ ಬಣ್ಣದ ಅರ್ಥ.

ಈಗ ಅಂಕಿಗಳಿಗೆ ಬರೋಣ. 1995ರಲ್ಲಿ ಜರ್ಮನಿಯ ರೆಮರ್ ಮತ್ತು ಮಾಂಜ್ ಒಂದು ಲೆಕ್ಕ ಕೊಟ್ಟರು. ಯಾವ ಆಹಾರದ 100 ಗ್ರಾಂ ಮೂತ್ರಪಿಂಡದ ಮೇಲೆ ಎಷ್ಟು ಆಮ್ಲದ ಹೊರೆ ಹಾಕುತ್ತದೆ ಎಂಬ ಅಂದಾಜು ಅದು. ಸಂಶೋಧಕರು ಅದನ್ನು ಪ್ರಾಲ್ ಎನ್ನುತ್ತಾರೆ. ಪ್ರೋಟೀನು, ರಂಜಕ ಹೊರೆ ಕೂಡಿಸುತ್ತವೆ. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕಳೆಯುತ್ತವೆ. ಅಂಕೆ ಧನವಾದರೆ ಆಮ್ಲ, ಋಣವಾದರೆ ಕ್ಷಾರ. ಅವರ ಕೋಷ್ಟಕದಲ್ಲಿ ಪಾರ್ಮೆಸಾನ್ ಗಿಣ್ಣು 34.2, ಮೊಟ್ಟೆಯ ಹಳದಿ 23.4, ಒಣದ್ರಾಕ್ಷಿ ಮೈನಸ್ 21, ಪಾಲಕ್ ಮೈನಸ್ 14, ಬಾಳೆಹಣ್ಣು ಮೈನಸ್ 5.5, ಆಲೂಗಡ್ಡೆ ಮೈನಸ್ 4. ಪಟ್ಟಿಗಳು ಹಳಿಯುವ ಹಾಲು ಬರೀ 0.7, ಹೆಚ್ಚುಕಡಿಮೆ ತಟಸ್ಥ. ಹಾಲು ಆಮ್ಲೀಯವೆಂದು ಹೆದರಿ ಬಿಡುವ ಸಸ್ಯಾಹಾರಿ ವೃದ್ಧರು ಕ್ಯಾಲ್ಸಿಯಂ ಜೊತೆಗೆ ಬಿ12 ಜೀವಸತ್ವವನ್ನೂ ಕಳೆದುಕೊಳ್ಳುತ್ತಾರೆ. ಅವರ ಊಟದಲ್ಲಿ ಅದಕ್ಕೆ ಬೇರೆ ಮೂಲವೇ ಇರುವುದಿಲ್ಲ.

ಅದೇ ಕೋಷ್ಟಕದಲ್ಲಿ ಇನ್ನೂ ಕೆಲವು ಕಡೆ ಕಣ್ಣು ಹಾಯಿಸಿ. ಬಿಳಿ ಸಕ್ಕರೆ ಮೈನಸ್ 0.1. ಕೋಲಾ ಪಾನೀಯ 0.4. ತೌಡು ತೆಗೆದ ಬಿಳಿ ಅಕ್ಕಿ 4.6, ತೌಡಿರುವ ಕೆಂಪಕ್ಕಿಯಂಥದ್ದು 12.5. ಈ ಅಂಕೆಯನ್ನೇ ಆರೋಗ್ಯದ ಅಂಕೆ ಎಂದುಕೊಂಡರೆ ಹಾಲಿಗಿಂತ ಸಕ್ಕರೆ ಮೇಲು, ತೌಡಿನ ಅಕ್ಕಿಗಿಂತ ಪಾಲಿಶ್ ಅಕ್ಕಿ ಮೇಲು ಎನ್ನಬೇಕಾಗುತ್ತದೆ. ಮಧುಮೇಹ ಮನೆಮನೆಯಲ್ಲಿರುವ ಈ ರಾಜ್ಯದಲ್ಲಿ ಇಂಥ ಸಲಹೆ ಯಾರೂ ಕೊಡಬಾರದು. ತೌಡಿನಲ್ಲಿ ರಂಜಕ ಹೆಚ್ಚು, ಅದಕ್ಕೆ ಅಂಕೆ ಏರಿದೆ. ಅದರಲ್ಲಿ ಬಹುಪಾಲು ಫೈಟೇಟ್ ರೂಪದಲ್ಲಿರುವುದರಿಂದ ನಮ್ಮ ಕರುಳು ಅದನ್ನು ಪೂರ್ತಿ ಹೀರುವುದೂ ಇಲ್ಲ. ರೆಮರ್ ಮತ್ತು ಮಾಂಜ್ ಮೂತ್ರದ ಪಿಎಚ್ ಅಂದಾಜು ಮಾಡಲು ಈ ಲೆಕ್ಕ ಹಾಕಿದರು. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಪು ಕೊಡಲು ಹಾಕಿದ್ದಲ್ಲ.

ಅವರ ಕೋಷ್ಟಕದಲ್ಲಿ ರಾಗಿ ಇಲ್ಲ, ತೊಗರಿ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕ ಹಿಡಿದು ನಾನೇ ಲೆಕ್ಕ ಹಾಕಿದೆ. 100 ಗ್ರಾಂ ರಾಗಿಯಲ್ಲಿ ಪ್ರೋಟೀನು 7 ಗ್ರಾಂ, ರಂಜಕ 210 ಮಿಲಿಗ್ರಾಂ, ಪೊಟ್ಯಾಸಿಯಂ 443, ಮೆಗ್ನೀಸಿಯಂ 146, ಕ್ಯಾಲ್ಸಿಯಂ 364. ಸೂತ್ರಕ್ಕೆ ಹಾಕಿದರೆ ಬರುವುದು ಮೈನಸ್ ಆರೂವರೆಯ ಆಸುಪಾಸು. ತೊಗರಿಯಲ್ಲಿ ಪ್ರೋಟೀನು 22 ಗ್ರಾಂ ಸಮೀಪ ಇದ್ದರೂ ಪೊಟ್ಯಾಸಿಯಂ 1,400 ಮಿಲಿಗ್ರಾಮಿನ ಹತ್ತಿರ ಇರುವುದರಿಂದ ಅದೂ ಮೈನಸ್ ಹತ್ತರ ಆಚೀಚೆಗೆ ಇಳಿಯುತ್ತದೆ. ಹಳೆ ಮೈಸೂರಿನ ಮುದ್ದೆ, ಕಲಬುರಗಿಯ ತೊಗರಿಬೇಳೆ, ಎರಡೂ ಆ ಸೂತ್ರದ ಪ್ರಕಾರವೇ ಕ್ಷಾರೀಯ! ಪಟ್ಟಿ ಬರೆದವರು ಎಲ್ಲ ಧಾನ್ಯವನ್ನೂ ಎಲ್ಲ ಬೇಳೆಯನ್ನೂ ಕಣ್ಣುಮುಚ್ಚಿ ಆಮ್ಲದ ಸಾಲಿಗೆ ತಳ್ಳಿದ್ದಾರೆ. ಹಾಗೆಂದು ರಾಗಿ ಕ್ಷಾರೀಯ, ಅದಕ್ಕೇ ತಿನ್ನಿ ಎಂದು ನಾನು ಹೇಳುತ್ತಿಲ್ಲ. ರಾಗಿಯನ್ನು ಅದರ ಕ್ಯಾಲ್ಸಿಯಂಗಾಗಿ, ನಾರಿಗಾಗಿ ತಿನ್ನಿ. ಬೇಳೆಯನ್ನು ಪ್ರೋಟೀನಿಗಾಗಿ ತಿನ್ನಿ. ನಮ್ಮ ದೇಶದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಮೈತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಧಾನ್ಯವೇ ತಟ್ಟೆ ತುಂಬಿರುವ ನಮ್ಮ ಊಟದಲ್ಲಿ ಬೇಳೆಯನ್ನೂ ತೆಗೆದರೆ ಆ ಲೆಕ್ಕ ತುಂಬುವುದು ಕಷ್ಟ.

ಮೂಳೆಯ ಮಾತು. ಆಮ್ಲವನ್ನು ತಣಿಸಲು ದೇಹ ಮೂಳೆಯಿಂದ ಕ್ಯಾಲ್ಸಿಯಂ ಕದಿಯುತ್ತದೆ ಎಂಬ ಊಹೆಯನ್ನು 1968ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಾಕ್‌ಮನ್ ಮತ್ತು ಬರ್ನ್‌ಸ್ಟೀನ್ ಮುಂದಿಟ್ಟರು. ಪ್ರೋಟೀನು ಹೆಚ್ಚು ತಿಂದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುವುದು ನಿಜ, ಆದ್ದರಿಂದ ಆ ಊಹೆ ಅಸಂಗತವೇನಲ್ಲ. ಆದರೆ ಪ್ರೋಟೀನು ಜಾಸ್ತಿಯಾದಾಗ ಕರುಳು ಕ್ಯಾಲ್ಸಿಯಂ ಹೀರುವುದೂ ಜಾಸ್ತಿಯಾಗುತ್ತದೆ ಎಂದು ಮುಂದೆ ತಿಳಿಯಿತು. ಕೆನಡಾದ ಫೆಂಟನ್ ಮತ್ತು ಸಂಗಡಿಗರು 2011ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ಆಹಾರದ ಆಮ್ಲವು ಮೂಳೆರೋಗಕ್ಕೆ ಕಾರಣ ಎನ್ನಲು ಆಧಾರವಿಲ್ಲವೆಂದರು.

ಕ್ಯಾನ್ಸರಿನ ಮಾತು ಇದಕ್ಕಿಂತ ಗಂಭೀರ. 1931ರಲ್ಲಿ ನೊಬೆಲ್ ಪಡೆದ ಜರ್ಮನ್ ವಿಜ್ಞಾನಿ ಓಟ್ಟೋ ವಾರ್‌ಬರ್ಗ್ ಅವರ ಹೆಸರನ್ನು ಎಲ್ಲ ಪಟ್ಟಿಗಳೂ ಎತ್ತಿಕೊಳ್ಳುತ್ತವೆ. ಗೆಡ್ಡೆಯ ಜೀವಕೋಶಗಳು ಸಕ್ಕರೆಯನ್ನು ಅಪಾರವಾಗಿ ಬಳಸಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ ಎಂದು ಅವರು ತೋರಿಸಿದ್ದು ನಿಜ. ಗೆಡ್ಡೆಯ ಸುತ್ತ ಆಮ್ಲವಿರುತ್ತದೆ. ಆ ಆಮ್ಲವನ್ನು ಗೆಡ್ಡೆಯೇ ಮಾಡಿಕೊಂಡಿದೆ, ನೀವು ತಿಂದ ಮೊಟ್ಟೆ ಮಾಡಿದ್ದಲ್ಲ. 2016ರಲ್ಲಿ ಫೆಂಟನ್ ಮತ್ತು ಹುವಾಂಗ್ ಕ್ಷಾರೀಯ ಆಹಾರ, ಕ್ಷಾರೀಯ ನೀರು, ಕ್ಯಾನ್ಸರ್ ಕುರಿತ ಸಂಶೋಧನೆಗಳನ್ನು ಹುಡುಕಿದಾಗ ಅವರ ಮಾನದಂಡಕ್ಕೆ ನಿಂತದ್ದು ಒಂದೇ ಅಧ್ಯಯನ. ಅದರಲ್ಲೂ ಸಂಬಂಧ ಕಂಡಿರಲಿಲ್ಲ. ಅಮೆರಿಕದಲ್ಲಿ ರಾಬರ್ಟ್ ಯಂಗ್ ಎಂಬುವರು 2002ರಲ್ಲಿ ಪಿಎಚ್ ಪವಾಡದ ಬಗ್ಗೆ ಪುಸ್ತಕ ಬರೆದು ಪ್ರಸಿದ್ಧರಾದರು, ರೋಗಿಗಳಿಗೆ ನರದ ಮೂಲಕ ಅಡುಗೆ ಸೋಡಾದ ದ್ರಾವಣ ಕೊಟ್ಟರು. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ 2016ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾಗಿ ಮುಂದೆ ಜೈಲಿಗೆ ಹೋದರು. ಅವರನ್ನು ನಂಬಿ ಸ್ತನ ಕ್ಯಾನ್ಸರಿನ ನಿಜವಾದ ಚಿಕಿತ್ಸೆ ಬಿಟ್ಟ ಮಹಿಳೆಯೊಬ್ಬರಿಗೆ 10.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2018ರಲ್ಲಿ ಸ್ಯಾನ್ ಡಿಯಾಗೋದ ಜ್ಯೂರಿ ಹೇಳಿತು. ಅಷ್ಟು ಹೊತ್ತಿಗೆ ಆಕೆಯ ರೋಗ ಕೈಮೀರಿತ್ತು. ಕಾರಣ ಸುಳ್ಳಾದರೇನು ಎನ್ನುವವರು ಈ ಪ್ರಕರಣವನ್ನು ನೆನಪಿಡಬೇಕು.

ಕ್ಷಾರೀಯ ನೀರಿನ ಯಂತ್ರಕ್ಕೆ ಹೆಚ್ಚು ಹೊತ್ತು ಕೊಡಲಾರೆ. ಕುಡಿಯುವ ನೀರು 6.5ರಿಂದ 8.5ರ ನಡುವೆ ಇದ್ದರೆ ಸಾಕೆಂದು ಭಾರತೀಯ ಮಾನಕ ಹೇಳುತ್ತದೆ. ಯಂತ್ರಕ್ಕೆ ಸುರಿಯುವ ಹಣವನ್ನು ಹಣ್ಣುತರಕಾರಿಗೆ ಹಾಕಿ. ಅಡುಗೆ ಸೋಡಾವನ್ನು ದಿನವೂ ನೀರಿಗೆ ಕದಡಿ ಕುಡಿಯುವ ಅಭ್ಯಾಸ ಮಾತ್ರ ನಿಲ್ಲಲೇಬೇಕು. ಒಂದು ಗ್ರಾಂ ಸೋಡಾದಲ್ಲಿ 270 ಮಿಲಿಗ್ರಾಮಿಗೂ ಹೆಚ್ಚು ಸೋಡಿಯಂ ಇದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಅದು ಉಪ್ಪು ಕುಡಿದ ಹಾಗೆ. ಕಾಳು ಬೇಗ ಬೇಯಲೆಂದು ಸೋಡಾ ಹಾಕಿದರೆ ಅದರಲ್ಲಿರುವ ಥಯಾಮಿನ್ ಎಂಬ ಬಿ ಜೀವಸತ್ವ ನಾಶವಾಗುತ್ತದೆ. 1915ರಲ್ಲಿ ಷಿಕಾಗೋದ ಸಿಪ್ಪಿ ಎಂಬ ವೈದ್ಯರು ಹೊಟ್ಟೆಹುಣ್ಣಿಗೆ ಹಾಲು ಮತ್ತು ಕ್ಷಾರದ ಪುಡಿಗಳನ್ನು ಗಂಟೆಗಂಟೆಗೂ ಕೊಡುವ ಚಿಕಿತ್ಸೆ ಪ್ರಕಟಿಸಿದರು. ಅದನ್ನು ಪಡೆದ ಕೆಲವು ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ, ಕ್ಷಾರ ಎರಡೂ ಏರಿ ಮೂತ್ರಪಿಂಡ ಕೆಟ್ಟಿತು. ರಕ್ತ ಅತಿ ಕ್ಷಾರೀಯವಾಗುವುದೂ ರೋಗವೇ.

ಆಹಾರದ ಆಮ್ಲದ ಹೊರೆ ನಿಜವಾಗಿ ಲೆಕ್ಕಕ್ಕೆ ಬರುವ ಜಾಗ ಮೂತ್ರಪಿಂಡದ ಕಾಯಿಲೆ. ಸೋತ ಮೂತ್ರಪಿಂಡ ದಿನದ ಆಮ್ಲವನ್ನು ಪೂರ್ತಿ ಹೊರಹಾಕಲಾರದು, ಆಗ ರಕ್ತದ ಬೈಕಾರ್ಬನೇಟ್ ಇಳಿಯುತ್ತದೆ. ಲಂಡನ್ನಿನಲ್ಲಿ 134 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೈಕಾರ್ಬನೇಟ್ ಮಾತ್ರೆ ತೆಗೆದುಕೊಂಡವರ ಮೂತ್ರಪಿಂಡ ಉಳಿದವರಿಗಿಂತ ನಿಧಾನವಾಗಿ ಕ್ಷೀಣಿಸಿತು. ಟೆಕ್ಸಾಸಿನ ವೆಸನ್, ಗೊರಾಯಾ ಮೊದಲಾದವರು ಮಾತ್ರೆಯ ಬದಲು ಹಣ್ಣುತರಕಾರಿಯಿಂದಲೂ ಆಮ್ಲದ ಹೊರೆ ಇಳಿಸಬಹುದೆಂದು 2013ರಲ್ಲಿ ತೋರಿಸಿದರು. ಇಲ್ಲೊಂದು ಮುಖ್ಯ ಮಾತು: ರಕ್ತದಲ್ಲಿ ಪೊಟ್ಯಾಸಿಯಂ ಏರುವ ಅಪಾಯ ಕಡಿಮೆ ಇದ್ದ ರೋಗಿಗಳನ್ನೇ ಅವರು ಆರಿಸಿಕೊಂಡಿದ್ದರು.

ಯಾಕೆಂದರೆ ಕ್ಷಾರೀಯ ಪಟ್ಟಿ ಎಂದರೆ ಬಹುಮಟ್ಟಿಗೆ ಪೊಟ್ಯಾಸಿಯಂ ಪಟ್ಟಿ. ಬಾಳೆಹಣ್ಣು, ಒಣದ್ರಾಕ್ಷಿ, ಪಾಲಕ್, ಆಲೂಗಡ್ಡೆ, ಎಳನೀರು ಇವನ್ನೆಲ್ಲ ಕ್ಷಾರದ ಸಾಲಿಗೆ ತಂದದ್ದೇ ಪೊಟ್ಯಾಸಿಯಂ. ಆರೋಗ್ಯವಂತರಿಗೆ ಅದು ರಕ್ತದೊತ್ತಡ ಇಳಿಸುವ ಮಿತ್ರ. ಮೂತ್ರಪಿಂಡ ಸೋತವರಲ್ಲಿ ಅದು ಹೊರಹೋಗದೆ ಉಳಿದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. 6 ದಾಟಿದರೆ ತುರ್ತುಸ್ಥಿತಿ. 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಒಂದು ದೊಡ್ಡ ಎಳನೀರು ಡಯಾಲಿಸಿಸ್ ರೋಗಿಗೆ ಸಣ್ಣ ಸಂಗತಿಯಲ್ಲ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಇರುವುದೂ ಪೊಟ್ಯಾಸಿಯಂ ಕ್ಲೋರೈಡ್. ಕಮರಾಕ್ಷಿ ಹಣ್ಣನ್ನಂತೂ ಮೂತ್ರಪಿಂಡ ಸೋತವರು ಮುಟ್ಟಲೇಬಾರದು. ಅದರಲ್ಲಿ ಮೆದುಳಿಗೆ ವಿಷವಾಗುವ ಪದಾರ್ಥವಿದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ ಧಾರಾಳ ನೀರಿನಲ್ಲಿ ಬೇಯಿಸಿ ನೀರು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಒಂದಷ್ಟು ಇಳಿಯುತ್ತದೆ. ನಮ್ಮ ಬಸ್ಸಾರಿನಲ್ಲಿ ನಾವು ಬಳಸುವುದೇ ಆ ಬಸಿದ ನೀರನ್ನು. ಮನೆಯವರೆಲ್ಲರಿಗೂ ಅದು ಉತ್ತಮ ಊಟ. ಪೊಟ್ಯಾಸಿಯಂ ಮಿತಿ ಹಾಕಿರುವ ರೋಗಿಗೆ ಬಸಿದ ಸೊಪ್ಪನ್ನು ಪಲ್ಯ ಮಾಡಿ ಕೊಟ್ಟು ಸಾರನ್ನು ಬಿಡಬೇಕು.

ಮೂತ್ರಪಿಂಡದ ಕಲ್ಲಿನಲ್ಲೂ ಹೀಗೆಯೇ ವಿವೇಚನೆ ಬೇಕು. ಯೂರಿಕ್ ಆಮ್ಲದ ಕಲ್ಲಿಗೆ ಮೂತ್ರ ಕ್ಷಾರೀಯವಾಗುವುದು ಮದ್ದು, ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಕೊಡುವುದು ಅದಕ್ಕೇ. ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಬೆಳೆಯುವುದು ಕ್ಷಾರೀಯ ಮೂತ್ರದಲ್ಲೇ. ಆಕ್ಸಲೇಟ್ ಕಲ್ಲಿನವರಿಗೆ ಕ್ಷಾರದ ಸಾಲಿನಲ್ಲಿರುವ ಪಾಲಕ್ಕೇ ಶತ್ರು. ಯಾವ ಕಲ್ಲೆಂದು ತಿಳಿಯದೆ ಆಹಾರ ಬದಲಿಸಬೇಡಿ.

ಹಾಗಾದರೆ ಏನು ತಿನ್ನಬೇಕು ಎಂದು ಕೇಳುವಿರಿ. ಬೇರೆ ರೋಗವಿಲ್ಲದವರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣುತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು 5 ಗ್ರಾಮಿಗಿಂತ ಕಡಿಮೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಅನ್ನ ಅಥವಾ ಮುದ್ದೆ ತಟ್ಟೆ ತುಂಬಿ, ಪಲ್ಯ ಒಂದು ಚಮಚ ಮೂಲೆಯಲ್ಲಿರುತ್ತದೆ. ಮೊದಲು ಆ ಚಮಚವನ್ನು ಮೂರು ಮಾಡಿ. ಹರಿವೆ, ದಂಟು, ನುಗ್ಗೆ, ಮೆಂತ್ಯ ಯಾವುದು ಆ ವಾರ ಅಗ್ಗವೋ ಅದು. ಬೇಳೆಯ ಸಾರು ತಿಳಿಯಾಗಿರುವುದು ಬಿಟ್ಟು ಗಟ್ಟಿಯಾಗಲಿ. ಹಾಲು, ಮೊಸರು, ಮಜ್ಜಿಗೆ ಇರಲಿ. ಮೊಟ್ಟೆ, ಮೀನು ತಿನ್ನುವವರು ಹೆದರದೆ ತಿನ್ನಲಿ. ನಿಂಬೆಹಣ್ಣನ್ನು ಸೊಪ್ಪಿನ ಪಲ್ಯಕ್ಕೆ ಹಿಂಡಿ; ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದರ ಸಿ ಜೀವಸತ್ವ ನೆರವಾಗುತ್ತದೆ.

ಸಭೆಯಲ್ಲಿ ವೈದ್ಯರೂ ಆಹಾರತಜ್ಞರೂ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆಯಿದೆ. ಮೂತ್ರಪಿಂಡದ ರೋಗಿಗಳಿಗೆ ನೀವು ಕೈಗೆ ಕೊಡುವ ಆಹಾರದ ಹಾಳೆ ಬಹಳ ಕಡೆ ಇಂಗ್ಲಿಷಿನಲ್ಲಿದೆ, ಅದರಲ್ಲಿ ನಮ್ಮ ಸಂತೆಗೆ ಬಾರದ ತರಕಾರಿಗಳ ಹೆಸರುಗಳಿವೆ. ದಂಟು, ಹರಿವೆ, ಬಾಳೆದಿಂಡು, ಸೀಮೆಬದನೆ, ಹೀರೆ, ಸೋರೆ, ಎಳನೀರು, ಬಸ್ಸಾರು, ರಾಗಿ ಅಂಬಲಿ ಇವುಗಳ ಹೆಸರು ಹಾಕಿ, ಯಾವುದರಲ್ಲಿ ಪೊಟ್ಯಾಸಿಯಂ ಎಷ್ಟು, ಯಾರಿಗೆ ಎಷ್ಟು ಬಡಿಸಬಹುದು ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಮುದ್ರಿಸಿ, ಪ್ರತಿ ಡಯಾಲಿಸಿಸ್ ಘಟಕದ ಬಾಗಿಲಲ್ಲಿ ಇಡಿ.